ಕಡಲರಾಜನ ಎರಡು ಬೆರಳು

ಕಾಯಿಲೆಯ ಹೆಸರನ್ನು ಮೊದಲೇ ಹೇಳಿಬಿಡುತ್ತೇನೆ. ಕುಷ್ಠ. ಹೆಸರು ಕಂಡೊಡನೆ ಪುಟ ಮಗುಚುವವರು ಮಗುಚಲಿ, ಉಳಿದವರ ಜೊತೆ ಆರಾಮಾಗಿ ಮಾತಾಡಬಹುದು. ನಾನೀಗ ಗುಣವಾಗಿದ್ದೇನೆ. ಗುಳಿಗೆಗಳು ಮುಗಿದಿವೆ, ಡಾಕ್ಟರು ಬೆನ್ನು ತಟ್ಟಿ ಕಳಿಸಿದ್ದಾರೆ. ಬಲಗೈಯ ಕಿರುಬೆರಳು ಮತ್ತು ಅದರ ಪಕ್ಕದ ಉಂಗುರ ಬೆರಳಿಗೆ ಮಾತ್ರ ಇನ್ನೂ ಬಿಸಿ, ತಂಪು, ನೋವು ಯಾವುದೂ ತಿಳಿಯುವುದಿಲ್ಲ. ಕೈಯಲ್ಲಿ ಇವೆ, ಅಷ್ಟೆ.

ಎಲ್ಲೋ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಈ ಹೆಸರನ್ನು ಈಗಷ್ಟೇ ಕೇಳಿಸಿಕೊಂಡು, ಮನೆಗೆ ಹೋಗಿ ಏನು ಹೇಳಲಿ ಎಂದು ಕುಳಿತಿರುವ ಒಬ್ಬರಿಗಾಗಿ ಇದನ್ನು ಬರೆಯಹೊರಟೆ. ಆದರೆ ಬರೆಯಲು ಕೂತಾಗಲೆಲ್ಲ ನನಗಿಂತ ಮುಂಚೆ ಅಪ್ಪ ಬಂದು ಕೂರುತ್ತಾನೆ. ಅವನು ತೀರಿಹೋಗಿ ಎಷ್ಟೋ ಕಾಲವಾಯಿತು. ಆದರೂ ಅವನನ್ನು ಬದಿಗಿಟ್ಟು ಈ ಕತೆ ಹೇಳುವ ದಾರಿ ನನಗೆ ಸಿಕ್ಕಿಲ್ಲ.

ಕಾರವಾರದ ಬೈತಖೋಲ ಬಂದರಿನ ಹತ್ತಿರ ಒಂದು ಐಸ್ ಪ್ಲಾಂಟಿನಲ್ಲಿ ನಾನು ಸುಪರ್‌ವೈಸರ್. ಟ್ರಾಲರುಗಳು ಮೀನಿಗೆ ಹೊರಡುವ ಮುಂಚೆ ಅವುಗಳ ಹೊಟ್ಟೆಗೆ ಐಸು ತುಂಬಿಸಿ ಕಳಿಸುವುದು ನಮ್ಮ ಕೆಲಸ. ಐಸಿನ ಗಡ್ಡೆ ಸರಿಸುವಾಗ ಎಲ್ಲರೂ ಕೈಗೆ ಗೋಣಿಚೀಲದ ಚೂರು ಹಿಡಿಯುತ್ತಾರೆ. ನಾನು ಬರಿಗೈಯಲ್ಲಿ ತಳ್ಳುತ್ತಿದ್ದೆ. ಲೋಡಿಂಗಿನ ಗಣಪತಿ ಹೊಸಬರಿಗೆಲ್ಲ ನನ್ನನ್ನು ತೋರಿಸಿ, "ನೋಡ್ರಾ, ನಮ್ಮ ಸಾಹೇಬರದ್ದು ಕೈ ಅಲ್ಲ, ಕಬ್ಬಿಣ" ಎನ್ನುತ್ತಿದ್ದ. ನಾನು ಕೇಳಿಸದವನಂತೆ ನಿಂತು ಪೂರ್ತಿ ಕೇಳಿಸಿಕೊಳ್ಳುತ್ತಿದ್ದೆ. ನಲವತ್ತರ ಹತ್ತಿರ ಬಂದ ಗಂಡಸಿಗೆ ಇಂಥ ಹೊಗಳಿಕೆ ದಿನಾ ಸಿಗುವುದಿಲ್ಲ.

ಒಂದು ಬೆಳಿಗ್ಗೆ ಗಣಪತಿ ಕೂಗಿದ. "ಸಾಹೇಬ್ರೇ, ಐಸು ಕೆಂಪಾಗದೆ. ಯಾರಿಗೆ ತಾಗ್ತು?"

ಎಲ್ಲರೂ ತಂತಮ್ಮ ಕೈ ನೋಡಿಕೊಂಡರು. ನಾನು ಎಲ್ಲರ ಕೈಯನ್ನೂ ನೋಡಿದೆ. ಕೊನೆಗೆ ಉಳಿದದ್ದು ನನ್ನದೇ. ಐಸು ಎಳೆಯುವ ಕೊಕ್ಕೆ ತಾಗಿ ಕಿರುಬೆರಳಿನ ಬದಿ ಉದ್ದಕ್ಕೆ ಸೀಳಿತ್ತು.

"ಉರಿ ಇಲ್ವಾ?"

"ಇಲ್ಲ."

ಆ ದಿನ ಅವನು ಕಬ್ಬಿಣ ಅನ್ನಲಿಲ್ಲ.

ಮೊಣಕೈಯ ಕೆಳಗೆ ಬಣ್ಣ ಮಾಸಿದ ಒಂದು ಕಲೆ ಎದ್ದು ಎಷ್ಟೋ ದಿನವಾಗಿತ್ತು. ನಾನು ಸಿಬ್ಬು ಎಂದುಕೊಂಡು ಮೆಡಿಕಲ್ಲಿನವರು ಕೊಟ್ಟ ಮುಲಾಮುಗಳನ್ನೆಲ್ಲ ಹಚ್ಚಿ ಮುಗಿಸಿದ್ದೆ. ನನ್ನ ಹೆಂಡತಿ ಸುಜಾತಾ ಬೆರಳಿನ ಗಾಯಕ್ಕೆ ಪಟ್ಟಿ ಕಟ್ಟುತ್ತ ಆ ಕಲೆಯನ್ನೂ ನೋಡಿದಳು, ಬೆರಳನ್ನೂ ನೋಡಿದಳು. "ನಾಳೆ ಆಸ್ಪತ್ರೆಗೆ ಹೋಗೂದು. ನೀವು ಹೋಗ್ತೀರೋ, ನಾನು ಕರಕೊಂಡು ಹೋಗ್ಲೋ?" ಎಂದಳು. ಕಾರವಾರದ ಕೊಂಕಣಿ ಮನೆಯ ಹುಡುಗಿ, ಸಿಟ್ಟು ಬಂದರೆ ಕನ್ನಡ ಬಹಳ ಸ್ಪಷ್ಟವಾಗುತ್ತದೆ. ನಾನೇ ಹೋದೆ.

ಚರ್ಮದ ವಿಭಾಗದ ಹೊರಗಿನ ಬೆಂಚು ಬೇರೆ ಬೆಂಚುಗಳಂತಲ್ಲ. ಜ್ವರದವರು, ಕಾಲು ಮುರಿದವರು ಒಬ್ಬರಿಗೊಬ್ಬರು ತಮ್ಮ ಕತೆ ಹೇಳಿಕೊಳ್ಳುತ್ತಾರೆ. ಇಲ್ಲಿ ಎಲ್ಲರೂ ತೋಳು ಇಳಿಸಿಕೊಂಡು, ಸೆರಗು ಹೊದ್ದುಕೊಂಡು ಗೋಡೆ ನೋಡುತ್ತಾರೆ. ಪಕ್ಕದಲ್ಲಿದ್ದ ಮುದುಕ ತಡೆಯಲಾರದೆ ಕೇಳಿದ.

"ನಿಮ್ದೆಂತ?"

"ಸಿಬ್ಬು."

"ನಂದೂ ಸಿಬ್ಬೇ" ಎಂದು ಅವನು ಇನ್ನೊಂದು ಕಡೆ ತಿರುಗಿದ. ಇಬ್ಬರಿಗೂ ನಂಬಿಕೆ ಬರಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಹತ್ತಿಯನ್ನು ಹೊಸೆದು ಎಳೆ ಮಾಡಿಕೊಂಡು, "ಕಣ್ಣು ಮುಚ್ಚಿ. ನಾನು ಎಲ್ಲಿ ಮುಟ್ಟುತ್ತೀನೋ ಅಲ್ಲಿ ಬೆರಳಿಟ್ಟು ತೋರಿಸಿ" ಎಂದರು. ನಾನು ಕಣ್ಣು ಮುಚ್ಚಿ ಕಾದೆ. ಹೊರಗೆ ಯಾರದೋ ಹೆಸರು ಕೂಗಿದರು. ಫ್ಯಾನು ಕಿರುಗುಟ್ಟುತ್ತಿತ್ತು. ಸಾಕಷ್ಟು ಕಾದು, "ಶುರು ಮಾಡಿ ಡಾಕ್ಟ್ರೇ" ಎಂದೆ.

"ಮುಗೀತು" ಎಂದರು ಅವರು.

ಕಣ್ಣು ತೆರೆದಾಗ ಅವರು ನನ್ನ ಕೈಯನ್ನು ಹಿಡಿದುಕೊಂಡೇ ಇದ್ದರು. ಹೆಸರು ಹೇಳುವಾಗಲೂ ಬಿಡಲಿಲ್ಲ. ಗುಳಿಗೆ ಇದೆ, ಪೂರ್ತಿ ಗುಣವಾಗುತ್ತದೆ, ಬೇಗ ಬಂದಿದ್ದರೆ ಬೆರಳಿನ ಸ್ಪರ್ಶವೂ ಉಳಿಯುತ್ತಿತ್ತು ಎಂದೆಲ್ಲ ಹೇಳಿದರು. ಅವರ ಮಾತು ನನ್ನ ತಲೆಯೊಳಗೆ ಇಳಿಯಲಿಲ್ಲ. ಅವರು ಕೈ ಬಿಡದೆ ಇದ್ದದ್ದೊಂದೇ ಇಳಿಯಿತು. ಆ ಬೆಂಚಿನ ಮೇಲಿರುವವರಿಗೆ ನಾನು ಹೇಳಬೇಕೆಂದಿರುವುದರಲ್ಲಿ ಇದೇ ಮುಖ್ಯವಾದದ್ದು.

"ಮನೇಲಿ ಮೊದಲು ಯಾರಿಗಾದರೂ ಇತ್ತಾ?" ಎಂದು ಕೇಳಿದರು.

"ಇಲ್ಲ ಇಲ್ಲ" ಎಂದೆ, ಎರಡು ಸಲ.

ತಿಂಗಳ ಮೊದಲ ದಿನದ ಗುಳಿಗೆಗಳನ್ನು ನರ್ಸಮ್ಮನ ಎದುರೇ ನುಂಗಬೇಕು. ನುಂಗಿದೆ. "ಉಚ್ಚಿ ಕೆಂಪಗೆ ಹೋಗ್ತದೆ, ಗಾಬರಿ ಬೀಳ್ಬೇಡಿ" ಎಂದು ಆಕೆ ಯಾವ ಸಂಕೋಚವೂ ಇಲ್ಲದೆ ಎಲ್ಲರಿಗೂ ಕೇಳುವಂತೆ ಹೇಳಿದಳು. ಮಧ್ಯಾಹ್ನ ಮನೆಗೆ ಬಂದು ಬಚ್ಚಲಿಗೆ ಹೋದವನು ಕೆಳಗೆ ನೋಡಿದೆ. ಮುರುಗಲ ಹಣ್ಣಿನ ಶರಬತ್ತಿನಂಥ ಕೆಂಪು ಬಣ್ಣ. ಗಾಬರಿ ಆಗಲಿಲ್ಲ. ಆ ಬಣ್ಣವನ್ನು ನಾನು ಮೊದಲೇ ನೋಡಿದ್ದೆ, ಬೇಲೆಕೇರಿಯ ಹತ್ತಿರದ ನಮ್ಮ ಮನೆಯ ಹಿಂದೆ, ತೆಂಗಿನ ಬುಡದ ಬಿಳಿ ಮರಳಿನ ಮೇಲೆ. ನೋಡಿ ಚಪ್ಪಾಳೆ ತಟ್ಟಿ ಕುಣಿದಿದ್ದೆ. ಬಚ್ಚಲಿನ ಬಾಗಿಲು ಹಾಕಿಕೊಂಡು ಎಷ್ಟು ಹೊತ್ತು ನಿಂತಿದ್ದೆನೋ, ಸುಜಾತಾ ಬಂದು ಬಾಗಿಲು ಬಡಿದಳು.

ಅಪ್ಪನ ಹೆಸರು ಬೊಮ್ಮಯ್ಯ. ನಮ್ಮದು ಅಂಕೋಲೆಯ ಕಡೆ ಗದ್ದೆ, ಕಬ್ಬು ಮಾಡಿಕೊಂಡಿದ್ದ ಮನೆ. ಆಲೆಮನೆಯ ದಿನಗಳಲ್ಲಿ ಅಪ್ಪನಿಗೆ ಬಲು ಬೇಡಿಕೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕವಾಗುವಾಗ ಹದ ನೋಡುವವನೊಬ್ಬ ಬೇಕು. ಒಂದು ಕುದಿ ಹೆಚ್ಚಾದರೆ ಬೆಲ್ಲ ಕಪ್ಪು, ಕಮ್ಮಿಯಾದರೆ ಗಟ್ಟಿಯಾಗುವುದಿಲ್ಲ. ಎಲ್ಲರೂ ಕಡ್ಡಿಯಲ್ಲಿ ಪಾಕ ಎತ್ತಿ, ತೆಂಗಿನ ಕರಟದ ನೀರಿಗೆ ಬಿಟ್ಟು, ಉಂಡೆ ಕಟ್ಟಿ ನೋಡುತ್ತಾರೆ. ಅಪ್ಪ ಕುದಿಯುವ ಕೊಪ್ಪರಿಗೆಗೆ ತನ್ನ ಎಡಗೈಯ ಕೊನೆಯ ಎರಡು ಬೆರಳನ್ನೇ ಅದ್ದಿ, ಕರಟಕ್ಕೆ ಕೊಡವಿ, "ಇಳ್ಸಿ" ಅನ್ನುತ್ತಿದ್ದನಂತೆ. ಮುಖ ಕೂಡ ಕಿವುಚುತ್ತಿರಲಿಲ್ಲವಂತೆ. ಅಂಕೋಲೆಯಿಂದ ಸುಂಕಸಾಳದವರೆಗೆ ಅವನನ್ನು ಕರೆಯುತ್ತಿದ್ದರು. ಬೊಮ್ಮಣ್ಣನ ಬೆರಳಲ್ಲಿ ದೇವರಿದ್ದಾನೆಂದು ವರ್ಷದ ಮೊದಲ ಕೊಪ್ಪರಿಗೆ ಇಡುವಾಗ ಅವನ ಎಡಗೈಗೇ ಎಲೆ ಅಡಿಕೆ ಕೊಡುವ ರೂಢಿ ಕೆಲವು ಆಲೆಮನೆಗಳಲ್ಲಿ ಬಿದ್ದಿತ್ತು. ಎಡಗೈಗೆ ಎಲೆ ಅಡಿಕೆ! ಬೇರೆ ಯಾರಿಗೆ ಹಾಗೆ ಕೊಟ್ಟರೂ ಜಗಳವೇ ಆಗುತ್ತಿತ್ತು.

ಇದೆಲ್ಲ ನಾನು ಕೇಳಿದ್ದು. ನನಗೆ ಬುದ್ಧಿ ಬರುವ ಹೊತ್ತಿಗೆ ಅಪ್ಪ ಬೆರಳು ಅದ್ದುವುದನ್ನು ಬಿಟ್ಟಿದ್ದ. ಕರೆದರೆ ಹೋಗುತ್ತಿದ್ದ, ಕೊಪ್ಪರಿಗೆಯಿಂದ ದೂರ ನಿಂತು ನೊರೆ ನೋಡಿ ಹೇಳುತ್ತಿದ್ದ. ಬೊಮ್ಮಣ್ಣನಿಗೆ ಸೊಕ್ಕು ಬಂತು ಎಂದು ಜನ ಆಡಿಕೊಂಡರು. ಯಾಕೆ ಬಿಟ್ಟೆ ಎಂದು ನಾನು ಕೇಳಿದಾಗ ಅವನು ಹೇಳಿದ್ದೇ ಕಡಲರಾಜನ ಕತೆ.

ಮದುವೆಗೆ ಮುಂಚೆ ಒಂದು ದಿನ ಅಪ್ಪ ಬೇಲೆಕೇರಿಯವರ ದೋಣಿ ಹತ್ತಿ ಮೀನಿಗೆ ಹೋಗಿದ್ದ. ಗಾಳಿ ಎದ್ದು ದೋಣಿ ಮಗುಚಿತು. ಮುಳುಗಿ ಮುಳುಗಿ ಅವನು ಸೀದಾ ಕಡಲರಾಜನ ಅಡುಗೆಮನೆಯ ಹೆಂಚಿನ ಮಾಡಿನ ಮೇಲೆ ಬಿದ್ದ. ರಾಜನಿಗೆ ಉಪ್ಪು ತಿಂದು ತಿಂದು ಬಾಯಿ ಕೆಟ್ಟುಹೋಗಿತ್ತು. ಅಪ್ಪ ಕೊಪ್ಪರಿಗೆ ತರಿಸಿ ಬೆಲ್ಲ ಕಾಸಿಕೊಟ್ಟ. ರಾಜ ನೆಕ್ಕಿ ನೆಕ್ಕಿ ತಿಂದು, ಇನ್ನು ನಿನ್ನನ್ನು ಮೇಲೆ ಬಿಡುವುದೇ ಇಲ್ಲ ಎಂದ. ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆ ಮಹಾರಾಜಾ ಎಂದು ಅಪ್ಪ ಕಾಲು ಹಿಡಿದ.

"ಮದ್ವಿ ಆಗಿರ್ಲಿಲ್ಲ ಅಂದ್ಯಲ್ಲ?" ಎಂದು ನಾನು ಕೇಳಿದರೆ, "ಆಗೂದಿತ್ತಲ್ಲ!" ಎಂದು ಗದರುತ್ತಿದ್ದ.

ಕೊನೆಗೆ ರಾಜ ಏನಾದರೂ ಒತ್ತೆ ಇಟ್ಟು ಹೋಗು ಎಂದ. ಅಪ್ಪ ಎರಡು ಬೆರಳು ಇಟ್ಟು ಬಂದ. "ಕೈಯಾಗೆ ಕಾಣ್ತದೆ ತಮಾ, ಆದ್ರೆ ನನ್ನದಲ್ಲ. ಸುಟ್ಟರೆ ಉರಿ ಅವನಿಗೆ, ಕೊಯ್ದ್ರೆ ನೋವು ಅವನಿಗೆ. ನಾ ಇಲ್ಲಿ ಪಾಕಕ್ಕೆ ಅದ್ದಿದ್ರೆ ಅವ ಅಲ್ಲಿ ಕುಣೀತ. ಬೇಲೆಕೇರೀಲಿ ತೆರೆ ಏಳೂದು ಮತ್ತೆಂತಕೆ? ಸಾಕು ಮಾರಾಯಾ, ನನ್ನ ಕೈ ಸುಟ್ಟು ಹೋಗ್ತದೆ ಅಂತ ಬೈದು ಕಳಿಸ್ದ. ಅದ್ಕೇ ಬಿಟ್ಟೆ."

ತಿಂಗಳಿಗೊಮ್ಮೆ ಅಪ್ಪ ತೊಳೆದ ಅಂಗಿ ಹಾಕಿಕೊಂಡು ಎಲ್ಲಿಗೋ ಹೋಗುತ್ತಿದ್ದ. ಊರವರಿಗೆ ಎತ್ತು ನೋಡಲು ಎಂದು ಹೇಳುತ್ತಿದ್ದ, ನನಗೆ ಮಾತ್ರ ನಿಜ ಹೇಳುತ್ತಿದ್ದ. ಕಡಲರಾಜನ ಕಚೇರಿಗೆ ಹಾಜರಿ ಹಾಕಲು. ಹೋದವರಿಗೆ ಅಲ್ಲಿ ಮುಳುಗಿದ ಸೂರ್ಯನ ಚೂರು ತಿನ್ನಿಸುತ್ತಾರಂತೆ. "ದಿನಾ ಸಂಜಿಗೆ ಅವನ ಅಂಗಳಕ್ಕೇ ಬೀಳೂದಲ್ದಾ, ರಾಶಿ ರಾಶಿ ಅದೆ. ನಂಬಿಕೆ ಇಲ್ದಿದ್ರೆ ಬಾ, ತೋರಿಸ್ತೆ" ಎಂದು ತೆಂಗಿನ ಬುಡಕ್ಕೆ ಕರೆದುಕೊಂಡು ಹೋಗಿ, ಮರಳಿನ ಮೇಲಿನ ಕೆಂಪನ್ನು ದೂರದಿಂದಲೇ ತೋರಿಸಿದ. ಸೂರ್ಯನನ್ನು ತಿಂದ ಅಪ್ಪ ಯಾರಿಗಿದ್ದಾನೆ? ಆ ವರ್ಷ ಅವನ ಮೈಬಣ್ಣವೂ ಕರ್ರಗಾಯಿತು. ಅದು ರಾಜನ ಅಡುಗೆಮನೆಯ ಹೊಗೆ. ಎಲ್ಲದಕ್ಕೂ ಉತ್ತರವಿತ್ತು ಅವನ ಹತ್ತಿರ.

ಒಂದಕ್ಕೆ ಮಾತ್ರ ಉತ್ತರ ನನಗೆ ಸಾಲುತ್ತಿರಲಿಲ್ಲ. ಅಪ್ಪ ನನ್ನನ್ನು ಮುಟ್ಟುತ್ತಿರಲಿಲ್ಲ. ಜಗಲಿಯ ಕೊನೆಗೆ ಅವನ ಚಾಪೆ, ಅವನದೇ ಬೇರೆ ಬಟ್ಟಲು. ಹತ್ತಿರ ಹೋದರೆ, "ದೂರ ನಡಿ ತಮಾ. ಕಡಲರಾಜನಿಗೆ ಮಕ್ಕಳು ಅಂದ್ರೆ ಆಸೆ. ನಾ ಎತ್ಕಂಡದ್ದು ಅವನಿಗೆ ತಿಳಿದ್ರೆ ನಿನ್ನನ್ನೂ ಒತ್ತೆ ಕೇಳ್ತ" ಎನ್ನುತ್ತಿದ್ದ. ಚಿಕ್ಕವನಿದ್ದಾಗ ಅದೂ ಒಂದು ಹೆಮ್ಮೆಯೇ. ಬೆಳೆಯುತ್ತ ಬೆಳೆಯುತ್ತ ಹೆಮ್ಮೆ ಕರಗಿತು. ಓರಗೆಯ ಹುಡುಗರು ಅಪ್ಪಂದಿರ ಹೆಗಲ ಮೇಲೆ ಕೂತು ಯಕ್ಷಗಾನ ನೋಡುವಾಗ ನಾನು ಅಪ್ಪನ ಪಕ್ಕ, ಒಂದು ಮಾರು ಅಂತರದಲ್ಲಿ ನಿಂತು ಮುಂದಿನವರ ಬೆನ್ನು ನೋಡುತ್ತಿದ್ದೆ. ಅಪ್ಪನಿಗೆ ನಾನು ಬೇಡವಾಗಿದ್ದೇನೆ, ಅದನ್ನು ಚೆಂದ ಮಾಡಿ ಹೇಳುತ್ತಿದ್ದಾನೆ ಎಂದು ತೀರ್ಮಾನ ಮಾಡಿಕೊಂಡೆ. ಆ ತೀರ್ಮಾನ ನನ್ನ ಜೊತೆಯೇ ಬೆಳೆಯಿತು.

ಆದರೆ ಒಂದು ಉಪಾಯ ನನಗೆ ಸಿಕ್ಕಿತ್ತು. ಸಂಜೆ ಅಪ್ಪ ಬೇಲೆಕೇರಿಯ ದಂಡೆಗೆ ಮೀನು ತರಲು ಹೋಗುತ್ತಿದ್ದ. ಬರುವಾಗ ಬಲಗೈಯಲ್ಲಿ ಮೀನಿನ ಚೀಲ, ಎಡಗೈ ಖಾಲಿ. ನಾನು ಹಿಂದೆ. ಅವನ ಹೆಬ್ಬೆರಳನ್ನೋ ತೋರುಬೆರಳನ್ನೋ ಹಿಡಿದರೆ ಥಟ್ಟನೆ ಕೊಡವಿಬಿಡುತ್ತಿದ್ದ. ಕೊನೆಯ ಎರಡು ಬೆರಳನ್ನು, ಎಳೆಯದೆ, ಹಗುರಾಗಿ ಹಿಡಿದುಕೊಂಡರೆ ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಅವು ಕಡಲರಾಜನ ಬೆರಳು ತಾನೆ? ರಾಜನಿಗೆ ಗೊತ್ತಾದರೂ ಅವನು ನನ್ನ ಮೇಲೆ ಚಾಡಿ ಹೇಳುತ್ತಿರಲಿಲ್ಲ. ದಂಡೆ ದಾಟಿ ಗದ್ದೆಯ ಹಾದಿಗೆ ಬಿದ್ದ ಮೇಲೆ, ದಾಪುಗಾಲಿನ ಅಪ್ಪನ ನಡಿಗೆ ಯಾಕೋ ನಿಧಾನವಾಗುತ್ತಿತ್ತು. ಚೀಲದ ಭಾರಕ್ಕೆ ಎಂದುಕೊಳ್ಳುತ್ತಿದ್ದೆ. ಮನೆಯ ಬೇಲಿಯ ದಣಪೆ ಬರುವವರೆಗೆ ಅವು ನನ್ನ ಬೆರಳು.

ನಾನು ಕಾಲೇಜು ಸೇರಿದ ವರ್ಷ ಅಪ್ಪ ಎದೆನೋವಿನಿಂದ ತೀರಿಕೊಂಡ. ಅವನ ಇಡೀ ಅಂಗೈಯನ್ನು ನಾನು ಹಿಡಿದುಕೊಂಡದ್ದು ಅವನನ್ನು ಅಂಗಳದಲ್ಲಿ ಮಲಗಿಸಿದ ದಿನ.

ಇಷ್ಟನ್ನೂ ನೆನಪು ಮಾಡಿಕೊಂಡು ಬಚ್ಚಲಿನಿಂದ ಹೊರಗೆ ಬಂದವನು ಮಾಡಿದ್ದೇನು? ನನ್ನ ತಟ್ಟೆ, ಲೋಟ ಬೇರೆ ಇಟ್ಟುಕೊಂಡೆ. ಹಾಸಿಗೆಯನ್ನು ಹೊರಕೋಣೆಗೆ ಒಯ್ದೆ. ಮೂರನೇ ಕ್ಲಾಸಿನ ಮಗಳು ಸಾನ್ವಿ ಶಾಲೆಯಿಂದ ಬಂದು ಎಂದಿನಂತೆ ತೊಡೆ ಏರಲು ಬಂದರೆ, "ಪಪ್ಪಂಗೆ ಕೆಲಸ ಅದೆ" ಎಂದು ಎದ್ದುಹೋದೆ. ಡಾಕ್ಟರು ಹೇಳಿದ್ದು ಕಿವಿಯಲ್ಲಿತ್ತು, ಗುಳಿಗೆ ಶುರುವಾದ ಮೇಲೆ ನಿಮ್ಮಿಂದ ಯಾರಿಗೂ ಹರಡುವುದಿಲ್ಲ ಎಂದು. ಕಿವಿಯಲ್ಲಿದ್ದದ್ದು ಕೈಗೆ ಬರಲಿಲ್ಲ.

ಸುಜಾತಾಳಿಗೆ ಕಾಯಿಲೆಯ ಹೆಸರು ಹೇಳಿದಾಗ ಅವಳು ಅತ್ತಳು, ಮೂಗು ಒರೆಸಿಕೊಂಡಳು, ಆಮೇಲೆ ಎದ್ದು ಹೋಗಿ ನನ್ನ ತಟ್ಟೆಯನ್ನು ಉಳಿದ ತಟ್ಟೆಗಳ ನಡುವೆ ಸೇರಿಸಿಬಿಟ್ಟಳು. ನಾನು ಮತ್ತೆ ಬೇರೆ ಇಟ್ಟೆ. ಅವಳು ಮತ್ತೆ ಸೇರಿಸಿದಳು. "ನಂಗೆ ಎರಡೆರಡು ಸಲ ಪಾತ್ರೆ ತೊಳೆಯೂಕೆ ಪುರಸತ್ತಿಲ್ಲ. ಬೇರೆ ತಟ್ಟೆ ಬೇಕಾದ್ರೆ ಬೇರೆ ಹೆಂಡತಿ ನೋಡ್ಕೊಳ್ಳಿ" ಎಂದಳು. ನಾನು ನಕ್ಕೆ. ಹಾಸಿಗೆ ಮಾತ್ರ ಹೊರಕೋಣೆಯಲ್ಲೇ ಉಳಿಯಿತು.

ಔಷಧಿಯ ದಾರಿ ಸಲೀಸಾಗಿರಲಿಲ್ಲ. ನಡುವೆ ಮೊಣಕೈಯ ನರ ಊದಿಕೊಂಡು ತೋಳನ್ನು ಎತ್ತಲೂ ಆಗದಂಥ ನೋವು ಬಂತು. ಬೇರೆ ಗುಳಿಗೆ ಸೇರಿಸಿದರು, ಮುಖ ಊದಿತು. ಮೈ ಕರ್ರಗಾಗತೊಡಗಿತು. ಕನ್ನಡಿಯಲ್ಲಿ ದಿನದಿನಕ್ಕೆ ಅಪ್ಪ ಕಾಣಿಸಿಕೊಳ್ಳತೊಡಗಿದ. ಆಸ್ಪತ್ರೆಯ ಕಡೆಯಿಂದ ಒಬ್ಬಳು ಹುಡುಗಿ ಮನೆಗೆ ಬಂದು ಸುಜಾತಾಳನ್ನೂ ಮಗಳನ್ನೂ ತಪಾಸಣೆ ಮಾಡಿ, ಮುಂಜಾಗ್ರತೆಯ ಗುಳಿಗೆ ಕೊಟ್ಟು ಹೋದಳು. ಪಕ್ಕದ ಮನೆಯವರು ಯಾರು ಬಂದದ್ದು ಎಂದು ಕೇಳಿದಾಗ ಸುಜಾತಾ ವಿಮೆಯವರು ಎಂದಳು. ಪ್ಲಾಂಟಿನಲ್ಲಿ ಗಣಪತಿ, "ಕರ್ರಗಾಗಿದ್ರಲ್ಲ ಸಾಹೇಬ್ರೇ, ಕದ್ದು ಮೀನಿಗೆ ಹೋತ್ರಾ?" ಎಂದು ಚೇಷ್ಟೆ ಮಾಡಿದ. ಯಾಕೋ ಅವನಿಗೆ ನಿಜ ಹೇಳಿಬಿಟ್ಟೆ. ಅವನು ಕೊಕ್ಕೆ ಎತ್ತಿಕೊಂಡು ಲೋಡಿಂಗಿನ ಕಡೆ ಹೋದ. ಇಷ್ಟೇ ಇವನ ಯೋಗ್ಯತೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಮರುದಿನ ಮೇಜಿನ ಮೇಲೆ ಒಂದು ಜೊತೆ ದಪ್ಪ ರಬ್ಬರ್ ಕೈಗವಸು ಇಟ್ಟ. "ಕಬ್ಬಿಣ ಅಲ್ದಾ, ನೆನೆದ್ರೆ ತುಕ್ಕು ಹಿಡೀತದೆ. ಹಾಕ್ಕಳಿ."

ಒಂದು ಸಂಜೆ ಸಾನ್ವಿ ಹೊರಕೋಣೆಯ ಬಾಗಿಲಲ್ಲಿ ನಿಂತು ಕೇಳಿದಳು. "ಪಪ್ಪಾ, ನಿಂಗೆ ನನ್ನ ಮೇಲೆ ಸಿಟ್ಟಾ?"

"ಇಲ್ಲ ಪುಟ್ಟಾ."

"ಮತ್ತೆ ಎಂತಕೆ ಮುಟ್ಟೂಕೆ ಬಿಡೂದಿಲ್ಲ?"

ನನ್ನ ಬಾಯಿ ತಾನಾಗಿಯೇ ಶುರು ಮಾಡಿತು. "ಈ ಎರಡು ಬೆರಳು ಅದೆಯಲ್ಲ, ಇದು ನನ್ನದಲ್ಲ..." ಅವಳ ಕಣ್ಣು ಅರಳಿತು. ಬಾಗಿಲ ಚೌಕಟ್ಟಿಗೆ ಒರಗಿ ಕತೆಗೆ ಅಣಿಯಾದಳು. ನಾನು ಅಲ್ಲಿಗೇ ನಿಲ್ಲಿಸಿದೆ. ಎಷ್ಟು ಸುಲಭವಾಗಿ ಬಂತು ಆ ಮಾತು! ಇವಳೂ ನಂಬುತ್ತಾಳೆ, ಹೆಮ್ಮೆಪಡುತ್ತಾಳೆ, ಆಮೇಲೆ ಒಂದು ದಿನ ತನ್ನದೇ ತೀರ್ಮಾನ ಮಾಡಿಕೊಳ್ಳುತ್ತಾಳೆ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ, ಕಾಯಿಲೆಯ ಹೆಸರು ಕೇಳಿದಾಗಲ್ಲ.

ಆ ಭಾನುವಾರ ಒಬ್ಬನೇ ಬಸ್ಸು ಹತ್ತಿ ಊರಿಗೆ ಹೋದೆ. ಅಣ್ಣನ ಸಂಸಾರದ ಜೊತೆ ಆಯಿ, ನನ್ನ ಅಮ್ಮ, ಅಲ್ಲಿಯೇ ಇದ್ದಾಳೆ. ಅಂಗಳದಲ್ಲಿ ಮುರುಗಲ ಸಿಪ್ಪೆ ಒಣಹಾಕುತ್ತ ಕೂತಿದ್ದಳು. ನಾನು ಅಂಗಿಯ ತೋಳು ಮಡಚಿ ಎದುರು ಕೂತೆ. ಅವಳು ಕೆಂಪಾದ ಹೆಬ್ಬೆರಳಿನಿಂದ ಆ ಕಲೆಯನ್ನು ಒಮ್ಮೆ ಸವರಿ, ನನ್ನ ಮುಖದ ಬಣ್ಣ ನೋಡಿದಳು. ಆಶ್ಚರ್ಯವೇ ಪಡಲಿಲ್ಲ.

"ಗುಳಿಗೆ ತಕಂತಿದ್ಯಾ?"

"ಹೌದು."

"ಪೂರ್ತಿ ತಕಾ. ನಡು ಬಿಡ್ಬೇಡ. ಅಪ್ಪ ಒಂದೂ ಬಿಟ್ಟವ ಅಲ್ಲ."

ಹಾಗಾದರೆ ನಿನಗೆ ಗೊತ್ತಿತ್ತು ಎಂದೆ. ಗೊತ್ತಿಲ್ಲದೆ ಎಂತ, ಎಂದು ಆಯಿ ಸಿಪ್ಪೆ ಹರವುತ್ತಲೇ ಹೇಳಿದಳು. "ಮೊದ್ಲು ಅವನೂ ಅದನ್ನ ದೇವ್ರು ಕೊಟ್ಟದ್ದು ಅಂತೇ ತಿಳ್ಕಂಡಿದ್ದ. ಎಲೆ ಅಡಿಕೆ ತಂದು ಎಡಗೈಗೆ ಕೊಡೂರು, ಯಾರಿಗೆ ಅನುಮಾನ ಬತ್ತದೆ? ನಿಂಗೆ ನಾಕೈದು ವರ್ಷ ಆಗೂವಾಗ ಆರೋಗ್ಯದವ್ರು ಬಂದು ಮೈ ನೋಡಿ ಹೇಳಿದ್ರು, ದೊಡ್ಡ ರೋಗ ಅಂತ. ಆ ದಿನ ಮನಿಗೆ ಬಂದವ ಒಳಗೇ ಬರಲಿಲ್ಲ. ಜಗಲಿ ಕೊನಿಗೆ ಕೂತ. ನೀನು ಓಡಿ ಹೋದೆ, ಅಪ್ಪಾ ಅಂತ. ಅವ ಎದ್ದು ತೋಟಕ್ಕೆ ಓಡ್ದ. ನೀ ಅಳೂಕೆ ಶುರು ಮಾಡ್ದೆ. ನಿನ್ನ ಅಳು ನಿಲ್ಸೂಕೇ ಅವ ಆ ಕಡಲರಾಜನ ಕತಿ ಕಟ್ಟಿದ್ದು, ಅಲ್ಲೇ, ಆ ತೆಂಗಿನ ಮರದ ಹಿಂದೆ ನಿಂತ್ಕಂಡು."

"ಅದಕ್ಕೂ ಮೊದಲು?" ಎಂದೆ.

"ಅದಕ್ಕೂ ಮೊದ್ಲು ನಿನ್ನ ನೆಲಕ್ಕೇ ಇಳಿಸಿದವ ಅಲ್ಲ ಅವ. ಹಗಲೆಲ್ಲ ಹೆಗಲು, ಮಲಗೂದು ಅವನ ಎದೆ ಮೇಲೇ. ನಾ ಕರೆದ್ರೆ ನೀ ಬರ್ತಿರಲಿಲ್ಲ. ಅವನ ಮೂಗಿಗೆ ಮೂಗು ತಾಗ್ಸಿ ನಿದ್ದಿ ಮಾಡೂಕೆ ಬೇಕು ನಿಂಗೆ." ಆಯಿ ಕೈ ನಿಲ್ಲಿಸಿದಳು. "ಗುಳಿಗೆ ಮುಗ್ದು ಡಾಕ್ಟ್ರು ಎಲ್ಲಾ ಹೋಯ್ತು ಅಂದ್ರು. ಇನ್ನಾರೂ ಹುಡುಗನ್ನ ಎತ್ಕ ಅಂದೆ ನಾನು. ಡಾಕ್ಟ್ರಿಗೆ ಎಂತ, ಅವರ ಮಗ ಅಲ್ವಲ್ಲ, ಅಂದ. ಕೊನೀ ತನಕ ಹೆದರಿಕೆ ಅದೊಂದೇ, ನಿಂಗೆಲ್ಲಾದ್ರೂ ಕೊಟ್ಟುಬಿಟ್ನೋ ಏನೋ ಅಂತ."

ಡಾಕ್ಟರನ್ನು ಕೇಳಿದ್ದೆ ಆಮೇಲೆ. ಎಲ್ಲಿಂದ ಬಂತೆಂದು ಖಚಿತವಾಗಿ ಹೇಳಲಾಗದು, ಬಹಳ ಕಾಲ ಹತ್ತಿರವಿದ್ದವರಿಂದ ಬರುತ್ತದೆ, ವರ್ಷಗಟ್ಟಲೆ ಒಳಗೇ ಸುಮ್ಮನಿದ್ದು ಏಳುವುದೂ ಉಂಟು, ನಿಮ್ಮ ತಂದೆಯಿಂದಲೇ ಎನ್ನಲು ಆಧಾರವಿಲ್ಲ ಎಂದರು. ಅವರ ಮಾತು ಸರಿಯಿರಬಹುದು. ಆದರೆ ನನಗೆ ಅಪ್ಪನಿಂದಲೇ ಬಂದಿರಲಿ ಎಂದು ಆಸೆ. ಹುಚ್ಚು ಆಸೆ, ಗೊತ್ತು. ನೆನಪಿನಲ್ಲಿ ಒಂದು ಚೂರೂ ಉಳಿಯದ ಆ ವರ್ಷಗಳು, ಆ ಎದೆ, ಆ ಉಸಿರು ನನ್ನ ಮೈಗಾದರೂ ನೆನಪಿತ್ತಲ್ಲ ಎನ್ನಿಸುತ್ತದೆ. ಅಪ್ಪ ಬದುಕಿದ್ದು ಇದನ್ನು ಕೇಳಿದ್ದರೆ ಎದೆಯೊಡೆದು ಸಾಯುತ್ತಿದ್ದ. ಅವನ ಎದುರು ಕೂತು, ಹೋಗಲಿ ಬಿಡು ಅಪ್ಪಾ, ಗುಣ ಆಗ್ತದೆ ಎಂದು ಒಂದು ಸಲ ಹೇಳುವುದಾಗಿದ್ದರೆ ಇನ್ನೂ ಒಂದು ವರ್ಷ ಗುಳಿಗೆ ನುಂಗುತ್ತಿದ್ದೆ.

ಅದೇ ಸಂಜೆ ಕಾರವಾರಕ್ಕೆ ಬಂದು ಹಾಸಿಗೆಯನ್ನು ಒಳಕೋಣೆಗೆ ತಂದೆ. ಸಾನ್ವಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಯಿಲೆಯ ಹೆಸರು ಹೇಳಿದೆ, ಅಜ್ಜನಿಗೂ ಇತ್ತು ಎಂದೆ, ಕಡಲರಾಜನ ಕತೆಯನ್ನೂ ಪೂರ್ತಿ ಹೇಳಿದೆ. ಕಾಯಿಲೆಯ ವಿಷಯ ಅವಳಿಗೆ ಅಷ್ಟು ದೊಡ್ಡದೆನಿಸಲಿಲ್ಲ. ರಾಜನ ಅಡುಗೆಮನೆಗೆ ಮಾಡು ಯಾಕೆ ಬೇಕು, ನೀರಿನೊಳಗೆ ಮಳೆ ಬೀಳುತ್ತದೆಯೇ ಎಂಬುದು ಅವಳ ಪ್ರಶ್ನೆ. ನಾನು ಯಾವತ್ತೂ ಕೇಳದೆ ಬಿಟ್ಟದ್ದು ಅದು. ಅಂದಿನಿಂದ ಹತ್ತಿಯ ಎಳೆ ಅವಳ ಕೈಗೆ ಹೋಯಿತು. ನಾನು ಕಣ್ಣು ಮುಚ್ಚುವುದು, ಅವಳು ಮುಟ್ಟುವುದು. ಮೊಣಕೈಯ ಹತ್ತಿರ ನಿಧಾನವಾಗಿ ಒಂದಿಷ್ಟು ಮರಳಿ ಬಂತು. ಬೆರಳಿಗೆ ಬರಲಿಲ್ಲ.

ಕೊನೆಯ ಗುಳಿಗೆ ನುಂಗಿದ ವಾರ ಮೂವರೂ ಊರಿಗೆ ಹೋದೆವು. ಸಂಜೆ ನಾನು ಮತ್ತು ಸಾನ್ವಿ ಬೇಲೆಕೇರಿಯ ದಂಡೆಗೆ ಮೀನು ತರಲು ಹೊರಟೆವು. ಒಳ್ಳೆಯ ಬಂಗಡೆ ಸಿಕ್ಕಿತು. ಎಡಗೈಯಲ್ಲಿ ಚೀಲ ಹಿಡಿದು ದಂಡೆ ದಾಟಿ ಗದ್ದೆಯ ಹಾದಿಗೆ ಬಿದ್ದೆವು. ಅವಳು ಕಪ್ಪೆಚಿಪ್ಪು ಹೆಕ್ಕುತ್ತ ಹಿಂದೆ ಉಳಿದಿದ್ದಾಳೆಂದುಕೊಂಡು, "ಬೇಗ ಬಾ ಪುಟ್ಟಾ, ಆಯಿ ಮಸಾಲೆ ಅರೆದು ಕಾಯ್ತಾ ಇದ್ದಿರ್ತದೆ" ಎಂದು ಕೂಗಿದೆ.

"ಇಲ್ಲೇ ಇದ್ದೇನಲ್ಲ ಪಪ್ಪಾ" ಎಂದಿತು ಪಕ್ಕದಲ್ಲೇ ದನಿ.

ಹೊತ್ತು ನಮ್ಮ ಬೆನ್ನ ಹಿಂದೆ, ಕಡಲಿಗೆ ಇಳಿಯುವುದರಲ್ಲಿತ್ತು. ಹಾದಿಯ ಮೇಲೆ ನಮ್ಮ ನೆರಳು ಉದ್ದಕ್ಕೆ ಮುಂದೆ ಚಾಚಿತ್ತು. ಒಂದು ದೊಡ್ಡ ನೆರಳು, ಒಂದು ಚಿಕ್ಕದು. ಚಿಕ್ಕದರ ಕೈ ದೊಡ್ಡದರ ಕೈಗೆ ಅಂಟಿಕೊಂಡಿತ್ತು. ನಾನು ಕೆಳಗೆ ನೋಡಿದೆ. ಸಾನ್ವಿ ನನ್ನ ಬಲಗೈಯ ಕೊನೆಯ ಎರಡು ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಡೆಯುತ್ತಿದ್ದಳು. ಎಷ್ಟು ಹೊತ್ತಿನಿಂದಲೋ ನನಗೆ ಗೊತ್ತೇ ಇರಲಿಲ್ಲ.

ಇದೇ ಹಾದಿ. ಇದೇ ಹೊತ್ತು. ಅಪ್ಪ ತಲೆ ತಗ್ಗಿಸಿ ಹಾದಿ ನೋಡಿಕೊಂಡು ನಡೆಯುವವನು. ಅವನ ಎದುರಿಗೂ ದಿನಾ ಹೀಗೆಯೇ ಎರಡು ನೆರಳು ಬಿದ್ದಿರಬೇಕು. ಅವನು ನೋಡಿಯೇ ಇರಬೇಕು. ನೋಡಿಯೂ ಕೊಡವಲಿಲ್ಲ.

ನಾನು ಕೈಯನ್ನು ಅಲ್ಲಾಡಿಸದೆ, ನಡಿಗೆಯನ್ನು ನಿಧಾನ ಮಾಡಿದೆ.